ಹಳೇ ರಾಕ್‌ಗೂ ಮೊದಲು ಹತ್ತು ನಿಮಿಷ ಬೇಕಿತ್ತು

2025ರ ಜುಲೈ 23, ಬುಧವಾರ. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ನಮ್ಮ ಸೀನಿಯರ್‌ಗಳ ವಾಟ್ಸ್‌ಆ್ಯಪ್ ಸ್ಟೇಟಸ್ ಎಲ್ಲ ಕಪ್ಪು. ಹಿಂದಿನ ದಿನ ಇಂಗ್ಲೆಂಡಿನಲ್ಲಿ ಆಝಿ ಆಸ್ಬರ್ನ್ ತೀರಿಕೊಂಡಿದ್ದರು. ವಯಸ್ಸು 76. ಅದಕ್ಕೆ ಹದಿನೇಳು ದಿನ ಮೊದಲಷ್ಟೇ ತಮ್ಮ ಊರು ಬರ್ಮಿಂಗ್‌ಹ್ಯಾಮ್‌ನಲ್ಲಿ, ನಿಂತುಕೊಳ್ಳಲು ಆಗದೆ ಸಿಂಹಾಸನದಂಥ ಕುರ್ಚಿಯ ಮೇಲೆ ಕೂತು, ಬ್ಲ್ಯಾಕ್ ಸ್ಯಾಬತ್‌ನ ಹಳೆಯ ಗೆಳೆಯರ ಜೊತೆ ಕೊನೆಯ ಸಲ ಹಾಡಿದ್ದರು. ಒಬ್ಬ ಸೀನಿಯರ್ ಬರೆದುಕೊಂಡಿದ್ದರು: 'ನಿಜವಾದ ಸಂಗೀತ ಇವತ್ತಿಗೆ ಮುಗೀತು. ಇನ್ನು ಉಳಿದಿರೋದೆಲ್ಲ ರೀಲ್ಸ್.'

ನನಗೂ ಬೇಜಾರಾಗಿತ್ತು, ಸುಳ್ಳು ಹೇಳುವುದಿಲ್ಲ. ಗಿಟಾರ್ ಕಲಿಯಲು ಹೊರಟ ಯಾವ ಹುಡುಗನೂ ಮೊದಲ ತಿಂಗಳಲ್ಲೇ ಸ್ಯಾಬತ್ ಹಾಡಿನ ಒಂದೆರಡು ಸಾಲು ನುಡಿಸಿ ಮನೆಯವರ ತಲೆ ತಿಂದಿರುತ್ತಾನೆ. ಆದರೆ ಆ ಸ್ಟೇಟಸ್‌ನ ಎರಡನೆಯ ವಾಕ್ಯ ನನ್ನನ್ನು ಕುಟುಕಿತು. ಬರೆದವರಿಗೆ 22 ವರ್ಷ. ಸ್ಯಾಬತ್‌ನ ಮೊದಲ ಆಲ್ಬಂ ಬಂದದ್ದು 1970ರಲ್ಲಿ. ಅವರ ಅಪ್ಪ ಹುಟ್ಟಿದ್ದೇ 1972ರಲ್ಲಿ. ತಾವು ಕಾಣದ ಕಾಲವನ್ನು 'ನಮ್ಮ ಕಾಲ' ಅನ್ನುವ ಈ ಚಟ ನಮ್ಮ ವಯಸ್ಸಿನವರಿಗೆ ಹೇಗೆ ಅಂಟಿತು? ಅದರಿಂದ ಯಾರಿಗೆ ನಷ್ಟ? ಅವತ್ತಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಇದು.

ಮೊದಲು ನಮ್ಮ ಪರಿಚಯ. ನಾನು ಮಂಡ್ಯದವನು, ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ, ಗಿಟಾರ್ ನುಡಿಸುತ್ತೇನೆ. ಡ್ರಮ್ಸ್ ಬಾರಿಸುವವನು ಮದ್ದೂರಿನವನು. ದಿನಾ ರೈಲಿನ ಪಾಸಿನಲ್ಲಿ ಬರುತ್ತಾನೆ. (ವಡೆ ತರ್ತಾನಾ ಅಂತ ಎಲ್ಲರೂ ಕೇಳುತ್ತಾರೆ. ತರುವುದಿಲ್ಲ.) ಹಾಡುವವನು, ಹಾಡು ಬರೆಯುವವನು ಮಳವಳ್ಳಿ ಕಡೆಯ ಹಳ್ಳಿಯವನು, ಬಸ್ಸಿನಲ್ಲಿ ಬಂದುಹೋಗುತ್ತಾನೆ. ಕೊನೆಯ ಬಸ್ಸು ತಪ್ಪಿದರೆ ನಮ್ಮ ಮನೆಯಲ್ಲೇ ಮಲಗುತ್ತಾನೆ. ಮೂರು ತಾಲ್ಲೂಕು ಸೇರಿ ಒಂದು ಬ್ಯಾಂಡ್.

ಹಳೇ ರಾಕ್ ಚೆನ್ನಾಗಿತ್ತೋ ಇವತ್ತಿನ ಸಂಗೀತ ಚೆನ್ನಾಗಿದೆಯೋ ಅನ್ನುವ ವಾದದಲ್ಲಿ ಹಳೆಯದರ ಪರ ನಾನು ಒಂದು ಮಾತು ಒಪ್ಪಲೇಬೇಕು. ಅದು ನನ್ನ ಓದಿಗೆ ಸಂಬಂಧಿಸಿದ್ದು. ಒಂದು ಸಲ ಲ್ಯಾಬ್‌ನಲ್ಲಿ ಬಿಡುವು ಸಿಕ್ಕಾಗ 70ರ ದಶಕದ ಒಂದು ರಾಕ್ ಹಾಡನ್ನೂ ಇತ್ತೀಚಿನ ಒಂದು ಸಿನಿಮಾ ಹಾಡನ್ನೂ ಕಂಪ್ಯೂಟರಿನಲ್ಲಿ ತೆರೆದು ಅವುಗಳ ಅಲೆಯ ಚಿತ್ರ ನೋಡಿದೆ. ಹಳೆಯದು ಭತ್ತದ ತೆನೆಯ ಹಾಗಿತ್ತು: ಒಂದು ಕಡೆ ತೆಳು, ಒಂದು ಕಡೆ ದಪ್ಪ, ಮಧ್ಯೆ ಮಧ್ಯೆ ಖಾಲಿ. ಹೊಸದು ಎರಡೂ ತುದಿ ಕತ್ತರಿಸಿದ ಕಬ್ಬಿನ ಜಲ್ಲೆ. ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ.

ಇದು ಹೇಗಾಗುತ್ತೆ ಅಂದರೆ, ಡಿಜಿಟಲ್ ರೆಕಾರ್ಡಿಂಗ್‌ನಲ್ಲಿ ಸದ್ದಿಗೆ ಒಂದು ಛಾವಣಿ ಇದೆ. ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಹಾಡು ಬೇರೆ ಹಾಡುಗಳಿಗಿಂತ ಜೋರಾಗಿ ಕೇಳಬೇಕು ಅಂದರೆ ಉಳಿದಿರುವ ದಾರಿ ಒಂದೇ. ಮೆತ್ತಗಿನ ಭಾಗವನ್ನೂ ಎತ್ತಿ ಛಾವಣಿಯ ಹತ್ತಿರ ತರುವುದು, ಅಲ್ಲಿ ಇಲ್ಲಿ ತಲೆ ಎತ್ತುವ ಪೆಟ್ಟುಗಳನ್ನು ಅದುಮುವುದು. ಆಗ ಪಿಸುಮಾತೂ ಕೂಗೂ ಒಂದೇ ಎತ್ತರಕ್ಕೆ ಬರುತ್ತವೆ. ಡ್ರಮ್ಮಿನ ಪೆಟ್ಟು ಎದೆಗೆ ತಾಗುವುದಿಲ್ಲ, ಕಿವಿಗೆ ಒತ್ತುತ್ತದೆ. ಮೆಟಾಲಿಕಾದಂಥ ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಅಭಿಮಾನಿಗಳೇ ತಿರುಗಿಬಿದ್ದಿದ್ದರು. ಅಂಗಡಿಯಲ್ಲಿ ಕೊಂಡ ಸಿ.ಡಿ.ಗಿಂತ 'ಗಿಟಾರ್ ಹೀರೋ' ಅನ್ನುವ ವಿಡಿಯೊ ಗೇಮ್‌ನಲ್ಲಿದ್ದ ಅದೇ ಹಾಡುಗಳು ಚೆನ್ನಾಗಿ ಕೇಳುತ್ತವೆ ಅನ್ನುವುದು ಅವರ ತಕರಾರು. ನಿಜವೂ ಆಗಿತ್ತು, ಗೇಮ್‌ಗೆ ಹೋದ ಹಾಡುಗಳನ್ನು ಅಷ್ಟು ಅದುಮಿರಲಿಲ್ಲ.

ಹಾಗಾಗಿ 'ಹಳೇ ಹಾಡಲ್ಲಿ ಉಸಿರಾಡೋಕೆ ಜಾಗ ಇದೆ' ಅಂತ ನಮ್ಮ ಸೋದರಮಾವ ಹೇಳಿದರೆ ಅದು ಬರೀ ವಯಸ್ಸಿನ ಮಾತಲ್ಲ. ಅದನ್ನು ಅಳೆದು ತೋರಿಸಬಹುದು. ಅದರ ಮೇಲೆ ನಮ್ಮ ಕಾಲದ ಇನ್ನೊಂದು ಕರ್ಮ: ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. ಹಾಡಿಗೆ ನಿಧಾನವಾಗಿ ಬಾಗಿಲು ತೆರೆಯುವ ಪುರುಸೊತ್ತು ಎಲ್ಲಿದೆ? ಪಲ್ಲವಿ ಓಡಿಬಂದು ಮೈಮೇಲೆ ಬೀಳಬೇಕು.

ಆದರೆ ಇಲ್ಲಿ ಸ್ವಲ್ಪ ತಡೆಯಬೇಕು. ಇದು ಸದ್ದಿನ ಮಾತಾಯಿತು, ಸಂಗೀತದ ಮಾತಲ್ಲ. ಇವತ್ತು ಆ್ಯಪ್‌ನಲ್ಲಿ ಸಿಗುವ ಎಷ್ಟೋ ಹಳೇ ಹಾಡುಗಳ 'ರೀಮಾಸ್ಟರ್' ಪ್ರತಿಯನ್ನೂ ಇದೇ ರೀತಿ ಎತ್ತಿ ಅದುಮಿದ್ದಾರೆ. ಹಳೆಯದು ಅಂತ ನಾವು ಕೇಳಿ ಕಣ್ಣು ಮುಚ್ಚುವುದು ಕೆಲವು ಸಲ ಹೊಸ ಕೈಚಳಕವೇ.

ಸಂಗೀತದ ಮಾತಿಗೆ ಬಂದರೆ ನನ್ನ ಬಳಿ ಎರಡು ಸಾಕ್ಷಿ ಇದೆ. ಒಂದು ಬರ್ಮಿಂಗ್‌ಹ್ಯಾಮ್‌ನದು, ಒಂದು ನಮ್ಮ ಮನೆಯ ಅಟ್ಟದ್ದು.

ಅಟ್ಟದ್ದು ಮೊದಲು. ನಮ್ಮ ಸೋದರಮಾವ 90ರ ದಶಕದಲ್ಲಿ ಬೆಂಗಳೂರಿನಲ್ಲಿ ಡಿಪ್ಲೊಮಾ ಓದಿದವರು. ಊಟದ ದುಡ್ಡು ಉಳಿಸಿ ಕ್ಯಾಸೆಟ್ ಕೊಳ್ಳುತ್ತಿದ್ದರಂತೆ. ಅವರು ಬಿಟ್ಟುಹೋದ ಒಂದು ರಟ್ಟಿನ ಪೆಟ್ಟಿಗೆ ನಮ್ಮ ಅಟ್ಟದಲ್ಲಿತ್ತು. ಕಳೆದ ದಸರಾ ರಜೆಯಲ್ಲಿ ಇಳಿಸಿದೆ. ಒಟ್ಟು 37 ಕ್ಯಾಸೆಟ್. ಹಳೆಯ ಟೇಪ್ ರೆಕಾರ್ಡರ್‌ಗೆ ಬೆಲ್ಟ್ ಹಾಕಿಸಿ, ಪೆನ್ಸಿಲ್‌ನಲ್ಲಿ ಸುತ್ತಿ ಸುತ್ತಿ, ಹರಿದ ಎರಡನ್ನು ಬಿಟ್ಟು ಎಲ್ಲವನ್ನೂ ಕೇಳಿದೆ. ಮಾವ ಬಂದಾಗ ಅವರನ್ನೂ ಕೂರಿಸಿಕೊಂಡು ಕೇಳಿಸಿದೆ. ನಾಲ್ಕೈದು ಕ್ಯಾಸೆಟ್ ಬಂದಾಗ ಮಾವನ ಮುಖ ಅರಳಿತು, ಕಾಲು ತಾಳ ಹಾಕಿತು. ಉಳಿದವಕ್ಕೆ ಅವರೇ 'ಮುಂದಕ್ಕೆ ಓಡ್ಸಪ್ಪ' ಅಂದರು. ಒಂದಕ್ಕಂತೂ 'ಇದನ್ನ ಯಾಕ್ ತಗಂಡಿದ್ನೋ ಸಿವಾ' ಅಂತ ನಕ್ಕರು. ಹೆಸರು ಕೂಡ ಯಾರೂ ಕೇಳಿರದ ಬ್ಯಾಂಡ್‌ಗಳು, ಒಂದೇ ಹಾಡನ್ನು ಹತ್ತು ಸಲ ಬೇರೆ ಬೇರೆ ಹೆಸರಿನಲ್ಲಿ ಹಾಡಿದವರು, ಉದ್ದ ಕೂದಲು ಬಿಟ್ಟರೆ ಇನ್ನೇನೂ ಇಲ್ಲದವರು. 'ನಮ್ಮ ಕಾಲದ ಸಂಗೀತ' ಅಂತ ಮಾವ ಅನ್ನುವಾಗ ಅವರ ಕಣ್ಣ ಮುಂದೆ ಇರುವುದು ಆ ನಾಲ್ಕೈದು ಕ್ಯಾಸೆಟ್. 'ನಿಮ್ಮ ಕಾಲದ ಸಂಗೀತ' ಅನ್ನುವಾಗ ಮಾತ್ರ ನಮ್ಮ ಇಡೀ ಪೆಟ್ಟಿಗೆ. ಭತ್ತವನ್ನು ತೂರಿ, ಕೇರಿ, ಅಕ್ಕಿ ಮಾಡಿ ಇಟ್ಟುಕೊಂಡವರು ಕಣದಲ್ಲಿ ಈಗಷ್ಟೇ ಬಡಿದು ಹಾಕಿರುವ ರಾಶಿಯನ್ನು ನೋಡಿ 'ಏನ್ಲಾ ಇದು, ಬರೀ ಹೊಟ್ಟು' ಅಂದ ಹಾಗೆ.

ಇನ್ನು ಬರ್ಮಿಂಗ್‌ಹ್ಯಾಮ್. 1969ರ ಅಕ್ಟೋಬರ್‌ನಲ್ಲಿ ಬ್ಲ್ಯಾಕ್ ಸ್ಯಾಬತ್‌ನ ನಾಲ್ವರು ಲಂಡನ್ನಿನ ಸ್ಟುಡಿಯೊ ಒಂದಕ್ಕೆ ಹೋಗಿ ತಮ್ಮ ಮೊದಲ ಆಲ್ಬಂ ಅನ್ನು ಹೆಚ್ಚುಕಡಿಮೆ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಬಂದರು. ಅದೇ ತಿಂಗಳ ಕೊನೆಯಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿದ್ದ ಹಾಡು ಯಾವುದು ಗೊತ್ತೇ? 'ಶುಗರ್ ಶುಗರ್'. ಹಾಡಿದ್ದು ಆರ್ಚೀಸ್. ಅದು ಬ್ಯಾಂಡೇ ಅಲ್ಲ, ಕಾರ್ಟೂನ್! ಟಿ.ವಿ.ಯ ಕಾರ್ಟೂನ್ ಹುಡುಗರ ಹೆಸರಿನಲ್ಲಿ ಸ್ಟುಡಿಯೊದವರು ತಯಾರಿಸಿದ ಹಾಡು. ಬ್ರಿಟನ್ನಿನಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆ ಇಡೀ ವರ್ಷದ ಮೊದಲ ಹಾಡೂ ಅದೇ. ವುಡ್‌ಸ್ಟಾಕ್ ನಡೆದ ವರ್ಷ, ಲೆಡ್ ಝೆಪೆಲಿನ್‌ನ ಮೊದಲೆರಡು ಆಲ್ಬಂ ಬಂದ ವರ್ಷ, ಬೀಟಲ್ಸ್‌ನ 'ಆ್ಯಬಿ ರೋಡ್' ಬಂದ ವರ್ಷ ಅಂತ ನಾವು ಕೈ ಮುಗಿಯುವ 1969ರಲ್ಲಿ ಜನ ಅತಿ ಹೆಚ್ಚು ಚಪ್ಪರಿಸಿದ್ದು ಸಕ್ಕರೆಯನ್ನೇ. ಸಕ್ಕರೆ ನಾಡಿನವನಾಗಿ ನನಗೆ ಇದರಲ್ಲಿ ಸ್ವಲ್ಪ ಖುಷಿಯೂ ಇದೆ. ಇವತ್ತು ಅದೇ ಕಾಲದ ಹಾಡುಗಳ ಪಟ್ಟಿ ಮಾಡುವ ನಮ್ಮ ಸೀನಿಯರ್‌ಗಳು 'ಶುಗರ್ ಶುಗರ್' ಹೆಸರೇ ಎತ್ತುವುದಿಲ್ಲ.

ಸ್ಯಾಬತ್ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಟೋನಿ ಅಯೋಮಿಯ ಬೆರಳು. ವರ್ಕ್‌ಶಾಪ್ ಪ್ರಾಕ್ಟಿಕಲ್‌ನಲ್ಲಿ ಶೀಟ್ ಮೆಟಲ್ ಕತ್ತರಿಸುವಾಗಲೆಲ್ಲ ನೆನಪಾಗುತ್ತದೆ. ಅವನಿಗೆ ಆಗ 17 ವರ್ಷ. ತಗಡಿನ ಕಾರ್ಖಾನೆಯಲ್ಲಿ ಕೆಲಸ. ಬ್ಯಾಂಡ್ ಜೊತೆ ಪ್ರವಾಸ ಹೋಗಲೆಂದು ಕೆಲಸ ಬಿಡುವ ದಿನವೇ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಎಡಗೈಯವನಾದ್ದರಿಂದ ತಂತಿ ಒತ್ತುವುದೇ ಆ ಕೈ. ಗಿಟಾರ್ ಮುಗಿಯಿತು ಅಂತ ಕೂತಿದ್ದವನಿಗೆ ಕಾರ್ಖಾನೆಯ ಮೇಸ್ತ್ರಿ ಒಂದು ರೆಕಾರ್ಡ್ ತಂದು ಕೇಳಿಸಿದನಂತೆ. ಅದು ಜಾಂಗೊ ರೈನ್‌ಹಾರ್ಟ್‌ನದು. ಬೆಂಕಿ ಅನಾಹುತದಲ್ಲಿ ಎರಡು ಬೆರಳು ಸೊರಗಿಹೋದ ಮೇಲೂ ಲೋಕ ಮೆಚ್ಚುವ ಹಾಗೆ ನುಡಿಸಿದ ಗಿಟಾರ್ ವಾದಕ. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಲು ನೋವು, ಅದಕ್ಕೆ ತೆಳು ತಂತಿ ಹಾಕಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. ಆ ಭಾರವಾದ, ಕತ್ತಲಂಥ ಸದ್ದು ಹುಟ್ಟುವುದರಲ್ಲಿ ಇದಕ್ಕೂ ಪಾಲಿದೆ. ಹೆವಿ ಮೆಟಲ್ ಅನ್ನುವುದು ಕಾರ್ಖಾನೆಯ ಊರಿನ ಕೂಲಿ ಹುಡುಗರು ತಮ್ಮ ಊರಿನ ಸದ್ದನ್ನೇ ಎತ್ತಿಕೊಂಡು ಮಾಡಿದ್ದು. ಹಾಡುಗಾರ ಆಝಿ ಕಸಾಯಿಖಾನೆಯಲ್ಲಿ ದುಡಿದಿದ್ದವನು.

ಆಲ್ಬಂ ಬಂದಾಗ ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ ಅದನ್ನು ಚೆನ್ನಾಗಿ ಬೈದಿತ್ತು. ಆದರೆ ಅದಕ್ಕೂ ಮೊದಲು ಇವರಿಗೆ ಒಂದು ಜಾಗ ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮ್ ರೈಲು ನಿಲ್ದಾಣದ ಹತ್ತಿರ ಕ್ರೌನ್ ಅನ್ನುವ ಪಬ್. ಅದರ ಮಹಡಿಯಲ್ಲಿ 'ಹೆನ್ರೀಸ್ ಬ್ಲೂಸ್‌ಹೌಸ್' ಅಂತ ಒಬ್ಬ ಸಂಗೀತದ ಹುಚ್ಚಿನವ ನಡೆಸುತ್ತಿದ್ದ ಪುಟ್ಟ ಕ್ಲಬ್. ಹೆಸರೂ ಇನ್ನೂ ಸರಿಯಾಗಿ ಇಟ್ಟುಕೊಂಡಿರದ ಈ ಹುಡುಗರು ಅಲ್ಲಿ ನುಡಿಸಿದರು. ತಪ್ಪಿದರು, ಮತ್ತೆ ನುಡಿಸಿದರು. ಬೀಟಲ್ಸ್ ಕತೆಯೂ ಇದೇ. 1962ರ ಜನವರಿ 1ರಂದು ಡೆಕ್ಕಾ ಕಂಪನಿ ಅವರ ಹಾಡು ಕೇಳಿತು, ಆಮೇಲೆ ಬೇಡ ಅಂದಿತು. ಆದರೆ ಅದಕ್ಕೂ ಮೊದಲು ಹ್ಯಾಂಬರ್ಗ್‌ನ ಕ್ಲಬ್‌ಗಳು ರಾತ್ರಿಗೆ ಗಂಟೆಗಟ್ಟಲೆ ನುಡಿಸಲು ವೇದಿಕೆ ಕೊಟ್ಟಿದ್ದವು. ಹಳೇ ರಾಕ್ ಚೆನ್ನಾಗಿತ್ತು ಅಂತ ನಾನೂ ಒಪ್ಪುತ್ತೇನೆ. ಅದು ಹಾಗಾದದ್ದು ಇನ್ನೂ ಚೆನ್ನಾಗಿಲ್ಲದಾಗ ಯಾರೋ ಒಬ್ಬರು ಅದಕ್ಕೆ ಜಾಗ ಬಿಟ್ಟಿದ್ದರಿಂದ. ಈ ಎರಡನೆಯ ಮಾತನ್ನು ಮಾತ್ರ ನಮ್ಮ ರಾಕ್ ಪಂಡಿತರು ನುಂಗಿಬಿಡುತ್ತಾರೆ.

ಮಾವನದೇ ಇನ್ನೊಂದು ಕತೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಮಾವ ಇಲ್ಲಿಂದ ಹೋಗಿದ್ದರು. ನೂಕುನುಗ್ಗಲು, ಧೂಳು, ಹಿಂತಿರುಗುವಾಗ ಬಸ್ಸಿಲ್ಲದೆ ಮೆಜೆಸ್ಟಿಕ್‌ನಲ್ಲಿ ಬೆಳಗು ಮಾಡಿದ್ದು ಎಲ್ಲ ಇಂದಿಗೂ ಹೇಳುತ್ತಾರೆ. ಅವತ್ತು ಮೇಡನ್‌ಗಿಂತ ಮೊದಲು ದೆಹಲಿಯ ಪರಿಕ್ರಮ ಬ್ಯಾಂಡ್ ನುಡಿಸಿತ್ತು. ಮೇಡನ್‌ನವರ ಮ್ಯಾನೇಜರ್ ಅದನ್ನು ಮೆಚ್ಚಿ ಅದೇ ವರ್ಷ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವಕ್ಕೆ ಕರೆಸಿಕೊಂಡರು. 'ಪರಿಕ್ರಮ ಹೆಂಗಿತ್ತು ಮಾವ?' ಅಂತ ಕೇಳಿದೆ. ಮಾವ ತಲೆ ಕೆರೆದುಕೊಂಡರು. 'ಗ್ಯಾನ ಇಲ್ಲ ಕಣೋ. ಆಗ ನಾವು ಆಚೆ ಚುರುಮುರಿ ತಿಂತಿದ್ವಿ ಅನ್ಸುತ್ತೆ.'

ನಮ್ಮದೇ ನೆಲದ ಹಾಡಿನ ಕತೆಯೂ ಬೇರೆಯಲ್ಲ. ನಮ್ಮ ತಾತನಿಗೆ ಕಾಳಿಂಗರಾಯರೇ ಸಂಗೀತ. 1987ರಲ್ಲಿ 'ಪ್ರೇಮಲೋಕ' ಬಂದಾಗ, ಮಾತಾಡಿದ ಹಾಗೆ ಹಾಡುವ ಹಂಸಲೇಖರ ಹಾಡುಗಳು ಮನೆಮನೆಯಲ್ಲಿ ಕ್ಯಾಸೆಟ್ ಆಗಿ ಕೂಗುವಾಗ, 'ಇದೂ ಒಂದು ಹಾಡೇ' ಅಂತ ಟೇಪ್ ರೆಕಾರ್ಡರ್ ಆರಿಸುತ್ತಿದ್ದರಂತೆ. ಅವತ್ತು ಬೈಸಿಕೊಂಡ ನಮ್ಮಪ್ಪ ಇವತ್ತು ನನ್ನ ಹೆಡ್‌ಫೋನ್ ಕಿತ್ತು 'ಪ್ರೇಮಲೋಕದ ಹಾಡು ಕೇಳು, ಅದು ಹಾಡು' ಅನ್ನುತ್ತಾರೆ.

ಅಪ್ಪನಿಗೂ ನನಗೂ ದೊಡ್ಡ ಜಗಳ ಶಿಶುನಾಳ ಷರೀಫರ ಮೇಲೆ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಷರೀಫರ ಪದಗಳನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿದರಲ್ಲ, ನನಗೆ ಷರೀಫರು ಸಿಕ್ಕಿದ್ದೇ ಅಲ್ಲಿ. ಅಪ್ಪನಿಗೆ ಅದು ಸಹಿಸದು. 'ಷರೀಫರನ್ನ ಕೆಡಿಸವ್ರೆ. ಅಶ್ವತ್ಥ್ ಹಾಡಿರೋದ್ ಕೇಳು, ಅದು ಮೂಲ' ಅನ್ನುತ್ತಾರೆ. ಸಿ. ಅಶ್ವತ್ಥ್ ಅವರ ಆ ಕಂಠಕ್ಕೆ ನಾನೂ ಶರಣು. ಆದರೆ ಮೂಲ ಅನ್ನುವ ಮಾತು ನಿಲ್ಲುವುದಿಲ್ಲ. ಷರೀಫರು ತೀರಿಕೊಂಡದ್ದು 1889ರಲ್ಲಿ. ನಾಗಾಭರಣರ ಸಿನಿಮಾ ಬಂದು ಅಶ್ವತ್ಥರ ದನಿಯಲ್ಲಿ ಷರೀಫರು ಮನೆಮಾತಾದದ್ದು 1990ರಲ್ಲಿ. ನಡುವೆ ನೂರು ವರ್ಷ. ಅಶ್ವತ್ಥರು ಬಳಸಿದ ವಾದ್ಯಗಳಲ್ಲಿ ಎಷ್ಟೋ ಷರೀಫರು ಕಂಡೂ ಇರಲಾರರು. ಅಪ್ಪನಿಗೆ ಹಳೆಯದಾಗಿ ಕೇಳಿಸುತ್ತಿರುವುದು ಒಂದು ಕಾಲದ ಹೊಸದು. ಅದು ಅವರ ಇಪ್ಪತ್ತನೇ ವಯಸ್ಸಿನ ಆಸುಪಾಸಿನಲ್ಲಿ ಬಂತು, ಅಷ್ಟೇ ವ್ಯತ್ಯಾಸ. ಹೀಗೆ ಲೆಕ್ಕ ಹಾಕಿ ತೋರಿಸಿದ ದಿನ ಅಪ್ಪ ನನ್ನ ಇಂಟರ್ನಲ್ಸ್ ಮಾರ್ಕ್ಸ್ ಎಷ್ಟು ಅಂತ ಕೇಳಿದರು. ವಾದ ಅಲ್ಲಿಗೆ ನಿಂತಿತು.

ಈಗ ನಮ್ಮ ಕತೆ. ನಮ್ಮ ಹಾಡುಗಾರನ ಮನೆ ಇರುವುದು ಮಂಟೇಸ್ವಾಮಿಯ ನಾಡಿನಲ್ಲಿ. ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನದೇ. ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಇಡೀ ರಾತ್ರಿ ಕತೆ ಹಾಡುವುದನ್ನು ಕೇಳಿ ಬೆಳೆದವನು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ ಅವರ ಮನೆಯಲ್ಲಿ ಸವೆದುಹೋಗಿತ್ತಂತೆ. ಅವನ ದನಿ ಎತ್ತರಕ್ಕೆ ಹೋದಾಗ ಅದು ಇಂಗ್ಲಿಷ್ ರಾಕ್‌ನ ಕೂಗಲ್ಲ, ರಾತ್ರಿ ಎರಡು ಗಂಟೆಗೆ ತೂಕಡಿಸುವವರನ್ನು ಎಬ್ಬಿಸುವ ಕತೆಗಾರನ ಕೂಗು. ಅವನು ಒಂದು ಹಾಡು ಬರೆದ. ಹೆಸರು 'ತ್ರೀ ಫೇಸ್'. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿಯ ವಾರ ಅವನಪ್ಪ ಸರಿರಾತ್ರಿಯಲ್ಲಿ ಟಾರ್ಚ್ ಹಿಡಿದು ಗದ್ದೆಗೆ ಹೋಗಿ ಮೋಟ್ರು ಹಾಕಿ, ನೀರು ತಿರುಗಿಸಿ, ಬದುವಿನ ಮೇಲೆ ಕೂತಿರುತ್ತಾರೆ. ಹಾವಿನ ಭಯ, ನಿದ್ದೆಯ ಭಾರ. ಮನೆಯಲ್ಲಿ ಅವ್ವ ಎದ್ದೇ ಇರುತ್ತಾಳೆ. ಹಾಡು ಇಷ್ಟೇ. ಸಂಗೀತ ಕೂರಿಸುವಾಗ ನನಗೊಂದು ತಮಾಷೆ ಹೊಳೆಯಿತು. ನಮ್ಮ ಕರೆಂಟು 50 ಹರ್ಟ್ಸ್. ಅದರ ಗುಂಯ್‌ಗುಡುವಿಕೆ ಗಿಟಾರಿನ ಜಿ ಸ್ವರಕ್ಕೆ ತುಂಬ ಹತ್ತಿರ. ಹಾಗಾಗಿ ಹಾಡನ್ನು ಜಿಯಲ್ಲೇ ನಿಲ್ಲಿಸಿ, ಮೊದಲ ಒಂದು ನಿಮಿಷ ಬರೀ ಆ ಗುಂಯ್ ಸದ್ದನ್ನು ಗಿಟಾರಿನಲ್ಲಿ ಎಳೆದೆವು. ಸ್ಪಾಟಿಫೈನ 30 ಸೆಕೆಂಡಿನ ಲೆಕ್ಕಕ್ಕೆ ಇದು ಆಗಿಬರುವುದಿಲ್ಲ ಅಂತ ಗೊತ್ತಿತ್ತು.

ಒಂದು ಕಾಲೇಜಿನ ಫೆಸ್ಟ್‌ನಲ್ಲಿ ಬ್ಯಾಂಡ್ ಸ್ಪರ್ಧೆ. ಹದಿನೈದು ನಿಮಿಷ ನಮ್ಮದು. ಎರಡು ಹಳೇ ಇಂಗ್ಲಿಷ್ ಹಾಡು ನುಡಿಸಿದೆವು. ಶಿಳ್ಳೆ, ಮೊಬೈಲ್ ಟಾರ್ಚು, ಎಲ್ಲ ಬಂತು. ಮೂರನೆಯದು 'ತ್ರೀ ಫೇಸ್'. ಅರ್ಧ ನಿಮಿಷ ಆಗಿರಲಿಲ್ಲ, ಮುಂದಿನ ಸಾಲಿನಿಂದ ಯಾರೋ 'ಸಾಕು ಬಿಡ್ರೋ, ಸ್ಯಾಬತ್ ಹೊಡೀರಿ' ಅಂದರು. ನಗು ಎದ್ದಿತು. ಕನ್ನಡ ಶುರುವಾದಾಗ 'ಓ, ಜಾನಪದ' ಅಂತ ಇನ್ನೊಬ್ಬರು. ಹಾಡು ಮುಗಿಸಿದೆವು, ಆದರೆ ನಮ್ಮ ಡ್ರಮ್ಮರ್ ಸಿಟ್ಟಿಗೆ ತಾಳವನ್ನು ಎಷ್ಟು ಓಡಿಸಿದ ಅಂದರೆ ಮೋಟ್ರು ಸುಟ್ಟುಹೋಗುವ ಹಾಗಿತ್ತು. ಬಹುಮಾನದ ಮಾತು ಬಿಡಿ. ತೀರ್ಪುಗಾರರೊಬ್ಬರು ಪ್ರೀತಿಯಿಂದಲೇ ಹೇಳಿದರು: 'ಚೆನ್ನಾಗಿ ನುಡಿಸ್ತೀರಿ. ಕ್ಲಾಸಿಕ್ಸ್‌ಗೇ ಅಂಟಿಕೊಳ್ಳಿ.'

ನನ್ನ ತಕರಾರು ಇರುವುದು ಇಲ್ಲಿ. ಆ ಶಿಳ್ಳೆ ಹಾಕಿದವರು ಹಳೇ ರಾಕ್ ಅನ್ನು ನಿಜವಾಗಿ ಪ್ರೀತಿಸುವವರು. ಎಂಥದನ್ನು ಪ್ರೀತಿಸುತ್ತಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಬೇಕು. ತಗಡು ಕಾರ್ಖಾನೆಯ ಹುಡುಗ ತನ್ನ ತುಂಡು ಬೆರಳಿನಲ್ಲಿ, ತನ್ನ ಊರಿನ ಸದ್ದಿನಲ್ಲಿ, ದೊಡ್ಡವರಿಗೆ ಹಿಡಿಸದಿದ್ದರೂ ಮಾಡಿದ ಸಂಗೀತವನ್ನು. ಅದನ್ನೇ ಹಿಡಿದುಕೊಂಡು ಮಳವಳ್ಳಿಯ ರೈತನ ಮಗನಿಗೆ 'ನಿನ್ನ ಊರಿನ ಸದ್ದು ಬೇಡ, ಅವರದೇ ಹಾಡು' ಅನ್ನುವುದು ಯಾವ ನ್ಯಾಯ? 1970ರಲ್ಲಿ ಸ್ಯಾಬತ್ ಕೇಳಿ ಕಿವಿ ಮುಚ್ಚಿಕೊಂಡ ಹಿರಿಯರ ಜಾಗದಲ್ಲಿ ಈಗ ಸ್ಯಾಬತ್ ಟೀ ಶರ್ಟ್ ಹಾಕಿದವರು ಕೂತಿದ್ದಾರೆ.

ಇವತ್ತಿನದೆಲ್ಲ ಚೆನ್ನಾಗಿದೆ ಅಂತಲೂ ನಾನು ಹೇಳಲಾರೆ. ಹತ್ತರಲ್ಲಿ ಎಂಟು ಹಾಡು ನನಗೂ ಸೇರುವುದಿಲ್ಲ. ಕಂಪ್ಯೂಟರಿನಲ್ಲಿ ಸಿಗುವ ಒಂದೇ ಡ್ರಮ್ ಸದ್ದು, ಯಂತ್ರದಲ್ಲಿ ಇಸ್ತ್ರಿ ಮಾಡಿದ ದನಿ. ನಮ್ಮ 'ತ್ರೀ ಫೇಸ್' ಕೂಡ ಮಹಾ ಹಾಡೇನಲ್ಲ, ನಡುವಿನ ಚರಣ ಜೋಲುತ್ತದೆ. ಆದರೆ ಅದು ಗಟ್ಟಿಯೋ ಜೊಳ್ಳೋ ಗೊತ್ತಾಗಬೇಕಾದರೂ ಯಾರಾದರೂ ಪೂರ್ತಿ ಕೇಳಬೇಕಲ್ಲ? ಬೆಂಗಳೂರಿನ ರ್‍ಯಾಪರ್ ಹನುಮಾನ್‌ಕೈಂಡ್ 2024ರಲ್ಲಿ ನಮ್ಮ ಜಾತ್ರೆಗಳಿಗೆ ಬರುವ ಸಾವಿನ ಬಾವಿಯೊಳಗೆ ನಿಂತು ಹಾಡಿದ್ದನ್ನು ಲೋಕವೆಲ್ಲ ನೋಡಿತು. ಮಾದಪ್ಪನ ಭಕ್ತರ 'ಸೋಜುಗಾದ ಸೂಜುಮಲ್ಲಿಗೆ' 2021ರಲ್ಲಿ 'ಗರುಡ ಗಮನ ವೃಷಭ ವಾಹನ' ಸಿನಿಮಾದಲ್ಲಿ ಬಂದಾಗ ನನ್ನ ತರಗತಿಯ ಹುಡುಗರು ಅದನ್ನು ಹೆವಿ ಮೆಟಲ್ ಕೇಳುವಷ್ಟೇ ಆವೇಶದಲ್ಲಿ ಕೇಳಿದರು. ಕೇಳುವ ಕಿವಿ ಇಲ್ಲವೆಂದಲ್ಲ. ಬೇರೆ ಎಲ್ಲಾದರೂ ಹೆಸರಾಗಿ ಬಂದರೆ ಕೇಳುತ್ತೇವೆ. ಪಕ್ಕದ ಬೆಂಚಿನವನು ಹಾಡಿದರೆ 'ಸಾಕು ಬಿಡ್ಲಾ' ಅನ್ನುತ್ತೇವೆ.

ಕೊನೆಗೆ 'ತ್ರೀ ಫೇಸ್' ಪೂರ್ತಿ ಕೇಳಿದ್ದು ಯಾರು ಅಂದರೆ, ನಮ್ಮ ಹಾಡುಗಾರನ ಹಳ್ಳಿಯವರು. ಗಣೇಶನ ಆರ್ಕೆಸ್ಟ್ರಾ. ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಶ್ ಹಾಡುಗಳ ನಡುವೆ ಗಾಯಕಿ ಚಹಾ ಕುಡಿಯುವ ಹೊತ್ತಿನಲ್ಲಿ ಹತ್ತು ನಿಮಿಷ ಕೊಟ್ಟರು. ರಾಕ್ ಅಂದರೆ ಏನು, ಹಳೆಯದು ಯಾವುದು, ಹೊಸದು ಯಾವುದು, ಅವರಿಗೆ ಅದರ ಗೊಡವೆ ಇರಲಿಲ್ಲ. ಗುಂಯ್ ಸದ್ದು ಶುರುವಾದಾಗ ಎರಡು ಮೂರು ಜನ ಹಿಂದೆ ತಿರುಗಿ ನೋಡಿದರು, ಜನರೇಟರ್ ಕೆಟ್ಟಿತು ಅಂತ. ಒಬ್ಬರು ಎದ್ದೇ ಹೋದರು ನೋಡಿಬರಲು. ಹಾಡು ಶುರುವಾಯಿತು. ಹುಡುಗರು ಕುಣಿಯಲಿಲ್ಲ, ನಿಂತು ಕೇಳಿದರು. ಹೆಂಗಸರ ಸಾಲಿನಲ್ಲಿ ಮಾತು ನಿಂತಿತು. ಮುಗಿದಾಗ ಚಪ್ಪಾಳೆ ಅಷ್ಟೇನೂ ಜೋರಾಗಿರಲಿಲ್ಲ. ಪೆಂಡಾಲಿನ ಕಂಬಕ್ಕೆ ಒರಗಿ ನಿಂತಿದ್ದ ಅವನಪ್ಪ ನಾವು ಇಳಿದಾಗ ಹತ್ತಿರ ಬಂದರು. ಹೆಗಲ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

'ಇದು ನಮ್ ಮೋಟ್ರು ಕತೆ ಅಲ್ವೇನ್ಲಾ?'

'ಊಂ ಕಣಪ್ಪ.'

'ಎಲ್ಡ್ ಗಂಟೆ ಅಂದಿದ್ದೀಯ. ಈಗ ಹನ್ನೊಂದಕ್ಕೇ ಕೊಡ್ತಾರೆ. ಸರಿ ಮಾಡ್ಕೊ.'

ಸರಿ ಮಾಡಿಕೊಂಡಿದ್ದೇವೆ. ಜೋಲುತ್ತಿದ್ದ ಚರಣವನ್ನೂ ತಿದ್ದಿದ್ದೇವೆ. ಈ ಸಲದ ಗಣೇಶನಿಗೆ ಹದಿನೈದು ನಿಮಿಷ ಕೊಡಿ ಅಂತ ಕಮಿಟಿಯವರನ್ನು ಈಗಲೇ ಕೇಳಿಟ್ಟಿದ್ದೇವೆ. 'ಹತ್ತೇ ನಿಮಿಷ. ಆಮೇಲೆ ಒಂದು ಅಣ್ಣಾವ್ರ ಹಾಡು ಹೇಳ್ಲೇಬೇಕು' ಅಂದಿದ್ದಾರೆ. ಆಗಲಿ ಅಂತ ಒಪ್ಪಿಕೊಂಡಿದ್ದೇವೆ. ಯಾವ ಹಾಡು ಅನ್ನುವುದರ ಮೇಲೆ ಮದ್ದೂರಿನವನಿಗೂ ಮಳವಳ್ಳಿಯವನಿಗೂ ಈಗ ಜಗಳ ನಡೆಯುತ್ತಿದೆ.